ಸ್ಕ್ರೀನ್ ಆಮ್ಯಾಲೆ, ಉತ್ರ ಮೊದ್ಲು: ಜೀನ್ಸ್ ಯೂನಿಟ್‌ಗೆ ಎಐ ಆರ್ಡರ್ ಬಾಟ್ ಮಾಡೋದು ಹೆಂಗೆ

ಬಳ್ಳಾರಿಯಾಗೆ ಜೀನ್ಸ್ ಹೋಲ್‌ಸೇಲ್ ಮಾಡೋರು ಈಗ ಯಾರ್ ಸಿಕ್ರೂ ಒಂದೇ ಮಾತು, "ನಮ್ಗೂ ಒಂದು ಎಐ ಹಾಕ್ಕೊಡ್ರಿ". ಏನು ಹಾಕ್ಬೇಕು, ಎಲ್ಲಿ ಹಾಕ್ಬೇಕು ಅಂತ ಕೇಳಿದ್ರೆ ಮಾತು ಅಲ್ಲಿಗೇ ನಿಂತ್ಹೋಗ್ತೈತೆ. ಅದಕ್ಕೇ ಇದನ್ನ ಬರೀತಾ ಇದೀನಿ. ಒಂದು ಸಣ್ಣ ಯೂನಿಟ್ ಐತೆ, ಸಿಂಧನೂರು, ಗಂಗಾವತಿ, ಮಾನ್ವಿ, ಆ ಕಡೆ ಆದೋನಿ, ಗುಂತಕಲ್ ಅಂಗಡಿಯೋರು ವಾಟ್ಸಾಪ್‌ನಾಗೆ ಆರ್ಡರ್ ಹಾಕ್ತಾರೆ, ಅದನ್ನ ಓದಿ ಬಿಲ್ ಮಾಡೋ ಹುಡುಗ ಒಬ್ನೇ, ರಾತ್ರಿ ಒಂಬತ್ತಾದ್ರೂ ಮೆಸೇಜ್ ಮುಗಿಯಂಗಿಲ್ಲ, ಅಂಥ ಕಡೆ ಒಂದು ಬಾಟ್, ಅಂದ್ರೆ ಮೆಸೇಜ್ ಓದಿ ತಾನೇ ಉತ್ರ ಕೊಡೋ ಪ್ರೋಗ್ರಾಂ, ಕೂಡ್ಸೋದು ಹೆಂಗೆ ಅಂತ ಹೇಳ್ತೀನಿ. ಕೋಡ್ ಬರಿಯಾಕೆ ಮನ್ಯಾಗೆ ಇಂಜಿನಿಯರಿಂಗ್ ಮುಗಿಸಿರೋ ಅಳಿಯನೋ ತಮ್ಮನೋ ಇದ್ರೆ ಸಾಕು, ಕೋಡ್ ಇದ್ರಾಗೆ ಸಣ್ಣ ಕೆಲ್ಸ.

ಹಿಂದೆ ಹಿಂಗೆ ಇರ್ಲಿಲ್ಲ. ಆರ್ಡರ್ ಆ್ಯಪ್ ಮಾಡ್ಸಿದ್ರೆ ಅರ್ಧ ದುಡ್ಡು ಸ್ಕ್ರೀನ್ ಡಿಸೈನ್‌ಗೇ ಹೋಗೋದು. ಲಾಗಿನ್ ಪೇಜ್, ಕೆಟಗರಿ, ಸೈಜ್ ಡ್ರಾಪ್‌ಡೌನ್, ಕಾರ್ಟ್. ಮಾಡಿ ಕೊಟ್ರೆ ಅಂಗಡಿಯೋರು ಒಂದ್ಸಲ ತಗ್ದು ನೋಡಿ ಮತ್ತೆ ವಾಟ್ಸಾಪ್‌ಗೇ ಬರೋರು, ಯಾಕಂದ್ರೆ "ಹೋದ್ ಸಲದ್ದೇ ಹಾಕ್ರಿ" ಅನ್ನಾಕೆ ಆ ಆ್ಯಪ್‌ನಾಗೆ ಬಟನ್ನೇ ಇರ್ತಿರ್ಲಿಲ್ಲ. 2022 ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದ ಮ್ಯಾಲೆ ಬದಲಾಗಿದ್ದು ಇದು, ಜನ ಹೆಂಗೆ ಮಾತಾಡ್ತಾರೋ ಹಂಗೇ ಕಳಿಸಿದ್ರೂ ಮಷೀನ್‌ಗೆ ಸುಮಾರಾಗಿ ತಿಳೀತೈತೆ. ಹಂಗಾಗಿ ಡಿಸೈನ್ ಮಾಡೋನ ಕೆಲ್ಸ ಸ್ಕ್ರೀನ್ ಬಿಟ್ಟು ಬ್ಯಾರೆ ಎರಡಕ್ಕೆ ಹೋಗೈತೆ. ಒಂದು, ಯಾವ ಪ್ರಶ್ನೆಗೆ ಯಾವುದು ಸರಿ ಉತ್ರ ಅಂತ ಮೊದ್ಲೇ ಬರ್ದಿಡೋದು. ಇನ್ನೊಂದು, ಮಷೀನ್ ಎಲ್ಲಿ ಬಾಯಿ ಮುಚ್ಕೊಂಡು ಇರ್ಬೇಕು ಅಂತ ತೀರ್ಮಾನ ಮಾಡೋದು. ಎರಡನೇದನ್ನ ಯಾರೂ ಮಾಡಲ್ಲ, ಆಮ್ಯಾಲೆ ಎಐ ಸರಿ ಇಲ್ಲ ಅಂತಾರೆ.

ಮೊದ್ಲು ಹಳೇ ಮೆಸೇಜ್ ತಗೀರಿ

ವಾಟ್ಸಾಪ್‌ನಾಗೆ ಎಕ್ಸ್‌ಪೋರ್ಟ್ ಚಾಟ್ ಅಂತ ಐತೆ, ರೆಗ್ಯುಲರ್ ಗಿರಾಕಿಗಳ ಚಾಟ್ ಎಲ್ಲಾ ಇಳಿಸ್ಕೊಳ್ರಿ, ಹೆಸ್ರು ಮತ್ತೆ ನಂಬರ್ ಅಳಿಸಿ ಹಾಕ್ರಿ. ಅಳಿಸೋದು ಬಿಟ್ಟು ಸೀದಾ ತಗೊಂಡ್ಹೋಗಿ ಯಾವುದೋ ಫ್ರೀ ಚಾಟ್‌ಬಾಟ್‌ಗೆ ಸುರೀಬ್ಯಾಡ್ರಿ, ಯಾರ ಉದ್ರಿ ಎಷ್ಟೈತೆ ಅನ್ನೋದು ಅದ್ರಾಗೇ ಇರ್ತೈತೆ, ಮತ್ತೆ 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ ಅಂತ ಒಂದು ಐತೆ ಈಗ. ಅಳಿಸಿದ್ ಮ್ಯಾಲೆ ಕೂತು ಓದ್ರಿ. ಎಐ ಕೈಯಾಗೆ ಸಮರಿ ಮಾಡ್ಸಬ್ಯಾಡ್ರಿ, ನೀವೇ ಓದ್ರಿ. ಓದಿದ್ರೆ ಗೊತ್ತಾಗ್ತೈತೆ, ಜನ ಕೇಳೋದು ಭಾಳ ಇಲ್ಲ. ಮಾಲ್ ಐತಾ, ರೇಟ್ ಏನು, ಯಾವಾಗ ಕಳಿಸ್ತೀರಿ, ಎಲ್‌ಆರ್ (ಲಾರಿ ರಸೀದಿ) ಕಾಪಿ ಹಾಕ್ರಿ, ಜಿಪ್ ಕೆಟ್ಟೈತೆ ರಿಟರ್ನ್ ತಗೊಳ್ರಿ, ಹಳೇ ಬಾಕಿ ಎಷ್ಟು. ಇಷ್ಟೇ ಸುತ್ತಿ ಸುತ್ತಿ ಬರ್ತೈತೆ.

ಆದ್ರೆ ಕೇಳೋ ರೀತಿ ಮಾತ್ರ ಒಬ್ಬೊಬ್ರದ್ದು ಒಂದೊಂದು. ರಾಯಚೂರು ಕಡೆಯೋರು "ಸಾವ್ಕಾರ್ರೆ" ಅಂತ ಶುರು ಮಾಡ್ತಾರೆ, ಆದೋನಿಯೋರು ತೆಲುಗಿನಾಗೆ "ಅನ್ನಾ ಸ್ಟಾಕ್ ಉಂದಾ" ಅಂತಾರೆ, ಕೌಲ್ ಬಜಾರ್ ಹುಡುಗ್ರು "ಭಾಯ್ ಮಾಲ್ ಕಬ್ ಆತಾ" ಅಂತಾರೆ, ಎಲ್ಲಾ ಇಂಗ್ಲಿಷ್ ಅಕ್ಷರದಾಗೆ ಟೈಪ್ ಮಾಡಿ. ಮಾಡೆಲ್‌ಗಳಿಗೆ, ಅಂದ್ರೆ ಚಾಟ್‌ಜಿಪಿಟಿ ಥರದ್ದರ ಒಳಗಿರೋ ಎಐಗೆ, ಕಲ್ಸಿರೋ ಕನ್ನಡ ಹೆಚ್ಚಾಗಿ ಪೇಪರ್ ಕನ್ನಡ, ಸರ್ಕಾರಿ ಕನ್ನಡ, ವಿಕಿಪೀಡಿಯ ಕನ್ನಡ. ನಮ್ಮ ಕಡೆ ಮಾತು ಅದ್ರಾಗೆ ಕಮ್ಮಿ. ಹಂಗಾಗಿ ಈ ಮೆಸೇಜ್‌ಗಳನ್ನ ತಿದ್ದಬ್ಯಾಡ್ರಿ, ಸ್ಪೆಲ್ಲಿಂಗ್ ತಪ್ಪಿದ್ರೂ ಹಂಗೇ ಇಡ್ರಿ, ಇವೇ ಮುಂದೆ ನಿಮ್ಮ ಟೆಸ್ಟ್ ಪೇಪರ್.

ಉತ್ರ ಕೈಯಾಗೇ ಬರೀರಿ

ಈಗ ಒಂದೊಂದು ಥರದ ಪ್ರಶ್ನೆಗೂ, ನಿಮ್ಮ ಅಂಗಡ್ಯಾಗೆ ಎಲ್ಲರಿಗಿಂತ ಹಳಬ ಯಾರಿದಾರೋ ಅವ್ರನ್ನ ಕೂಡ್ಸಿ ಉತ್ರ ಬರಿಸ್ರಿ. ರಿಟರ್ನ್ ಎಷ್ಟು ದಿನದ ಒಳಗೆ ತಗೋತೀವಿ? ವಾಷ್ ಮಾಡಿದ್ ಮ್ಯಾಲೆ ಕಲರ್ ಹೋಯ್ತು ಅಂದ್ರೆ ಯಾರ ಜವಾಬ್ದಾರಿ? ಸ್ಟ್ರೆಚ್ ಮಾಲ್‌ಗೂ ನಾನ್ ಸ್ಟ್ರೆಚ್‌ಗೂ ಸೈಜ್ ಎಷ್ಟು ವ್ಯತ್ಯಾಸ ಬರ್ತೈತೆ? ಸೆಟ್ (ಎಲ್ಲಾ ಸೈಜ್ ಸೇರ್ಸಿ ಕಟ್ಟಿರೋದು) ಒಡ್ದು ಕೊಡ್ತೀವಾ ಇಲ್ವಾ? ಇಲ್ಲೇ ಮಜಾ ಇರೋದು, ಮಾಲೀಕ್ರು ಒಂದು ಹೇಳ್ತಾರೆ, ಪ್ಯಾಕಿಂಗ್‌ನೋನು ಇನ್ನೊಂದು ಹೇಳ್ತಾನೆ, ಬಿಲ್ಲಿಂಗ್ ಹುಡುಗ ಗಿರಾಕಿ ಮುಖ ನೋಡಿ ಹೇಳ್ತಾನೆ. ಇಷ್ಟು ದಿನ ಅದು ನಡೀತಿತ್ತು, ಮಷೀನ್‌ಗೆ ಮುಖ ಕಾಣಲ್ಲ. ಅದಕ್ಕೆ ಒಂದೇ ಉತ್ರ ಅಂತ ನಿಮ್ಮ ನಿಮ್ಮಲ್ಲೇ ಒಪ್ಪಂದ ಆಗ್ಬೇಕು. ನನ್ನ ಕೇಳಿದ್ರೆ ಇಡೀ ಕೆಲ್ಸದಾಗೆ ಕಷ್ಟದ ಭಾಗ ಇದೇ, ಇದ್ರ ಮುಂದೆ ಕೋಡ್ ಏನೂ ಅಲ್ಲ.

ಎಲ್ಲಾ ಒಂದೇ ಸಾದಾ ಫೈಲ್‌ನಾಗೆ ಇಡ್ರಿ, ಚಿಕ್ಕ ಚಿಕ್ಕ ವಾಕ್ಯ, ಪ್ರತಿ ವಿಷಯದ ಕೆಳಗೆ ಯಾವತ್ತು ಬರ್ದಿದ್ದು ಅಂತ ತಾರೀಖು. ನಾಲ್ಕೈದು ಪೇಜ್ ಆದ್ರೆ ಅಷ್ಟನ್ನೂ ಪ್ರತಿ ಸಲ ಮಾಡೆಲ್‌ಗೆ ಕೊಟ್ಟೇ ಉತ್ರ ಕೇಳ್ಬೋದು, ವೆಕ್ಟರ್ ಡೇಟಾಬೇಸ್ (ರಾಶಿ ಫೈಲ್‌ನಾಗೆ ಹುಡ್ಕೋ ವ್ಯವಸ್ಥೆ) ಅದು ಇದು ಅಂತ ಯಾರಾದ್ರೂ ಕೊಟೇಶನ್ ಕೊಟ್ರೆ ಕೈ ಮುಗ್ದು ಕಳಿಸ್ರಿ.

ರೇಟ್, ಸ್ಟಾಕ್, ಜಿಎಸ್‌ಟಿ ಮಾಡೆಲ್ ಬಾಯಿಂದ ಬರಬಾರ್ದು

ಮಾಡೆಲ್ ಮಾಡೋದು ಏನು ಅಂದ್ರೆ, ಹಿಂದಿನ ಮಾತು ನೋಡಿ ಮುಂದೆ ಯಾವ ತುಣುಕು ಬರೋ ಸಾಧ್ಯತೆ ಜಾಸ್ತಿ ಅಂತ ಅಂದಾಜು ಮಾಡಿ ಒಂದೊಂದೇ ತುಣುಕು ಹಾಕ್ತಾ ಹೋಗೋದು. ಅದಕ್ಕೆ ನಿಮ್ಮ ಗೋಡೌನ್ ಗೊತ್ತಿಲ್ಲ. ಕೇಳಿದ್ರೆ ಗೊತ್ತಿಲ್ಲ ಅನ್ನೋ ಬದ್ಲು ಚೆಂದಾಗಿ ಒಂದು ನಂಬರ್ ಹೇಳಿಬಿಡ್ತೈತೆ, ಅದೇ ತಾಪತ್ರಯ.

ಜಿಎಸ್‌ಟಿನೇ ತಗೊಳ್ರಿ. ರೆಡಿಮೇಡ್ ಬಟ್ಟೆಗೆ ಮೊದ್ಲು ಪೀಸ್‌ಗೆ 1000 ರೂಪಾಯಿವರೆಗೆ 5 ಪರ್ಸೆಂಟ್, ಅದ್ರ ಮ್ಯಾಲೆ 12 ಇತ್ತು. 2025 ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗೆ 5, ಅದ್ರ ಮ್ಯಾಲೆ 18 ಆಯ್ತು. ಅದಕ್ಕಿಂತ ಮುಂಚೆ ಕಲ್ತಿರೋ ಮಾಡೆಲ್‌ಗೆ 1200 ರೂಪಾಯಿ ಪ್ಯಾಂಟ್‌ಗೆ ಟ್ಯಾಕ್ಸ್ ಎಷ್ಟು ಅಂತ ಬರೇ ನೆನಪಿನ ಮ್ಯಾಲೆ ಕೇಳಿದ್ರೆ 12 ಅಂತ ಹೇಳೋ ಸಾಧ್ಯತೆನೇ ಜಾಸ್ತಿ, ಅದೂ ಭಾಳ ಧೈರ್ಯವಾಗಿ. ಬಿಲ್ ತಪ್ಪಿದ್ರೆ ನಿಮ್ಮ ಆಡಿಟರ್ ಕೇಳೋದು ನಿಮ್ಮನ್ನ.

ಹಂಗಾಗಿ ಕೆಲ್ಸ ಹಂಚ್ರಿ. ಮೆಸೇಜ್ ಓದಿ ಏನು ಕೇಳ್ತಾರೆ ಅಂತ ತಿಳ್ಕೊಳ್ಳೋದು ಮಾಡೆಲ್. ರೇಟು, ಸ್ಟಾಕು ಹುಡ್ಕೋದು ನಿಮ್ಮ ಶೀಟ್ ಅಥವಾ ಬಿಲ್ಲಿಂಗ್ ಸಾಫ್ಟ್‌ವೇರ್. ಕೂಡಿಸಿ ಕಳೆಯೋದು ಸಾದಾ ಕೋಡ್. ಕೊನೆಗೆ ಗಿರಾಕಿಗೆ ಅರ್ಥ ಆಗೋ ಮಾತಿನಾಗೆ ಹೇಳೋದು ಮತ್ತೆ ಮಾಡೆಲ್. ಇದಕ್ಕೆ ಫಂಕ್ಷನ್ ಕಾಲಿಂಗ್ ಅಂತಾರೆ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ 2023 ಜೂನ್‌ನಾಗೆ ತನ್ನ ಎಪಿಐಗೆ (ಬ್ಯಾರೆ ಪ್ರೋಗ್ರಾಂ ಬಂದು ಜೋಡಿಸ್ಕೊಳ್ಳೋ ಕೊಂಡಿ) ಸೇರ್ಸ್ತು, ಈಗ ಹೆಚ್ಚುಕಮ್ಮಿ ಎಲ್ಲಾ ದೊಡ್ಡ ಮಾಡೆಲ್‌ನಾಗೂ ಐತೆ. ಅಳಿಯನಿಗೆ ಈ ಒಂದು ಪದ ಹೇಳಿದ್ರೆ ಸಾಕು, ಉಳಿದಿದ್ದು ಅವ್ನೇ ಹುಡ್ಕೋತಾನೆ.

ಒಂದು ಆರ್ಡರ್ ಬಿಡಿಸಿ ನೋಡೋಣ

ಮೆಸೇಜ್ ಹಿಂಗೆ ಬಂತು ಅಂತ ಇಟ್ಕೊಳ್ರಿ:

"ಸಾವ್ಕಾರ್ರೆ ಹೋದ್ ಸಲದ್ ಬ್ಲ್ಯಾಕ್ ದೀಡ್ ಡಜನ್ ಹಾಕ್ರಿ 28 ಬ್ಯಾಡ ನಾಳಿ ಗಾಡಿಗೆ ಹಾಕ್ಬಿಡ್ರಿ"

ಇದ್ರಾಗೆ ಎಷ್ಟು ಕೆಲ್ಸ ಐತೆ ನೋಡ್ರಿ. "ಹೋದ್ ಸಲದ್" ಅಂದ್ರೆ ಈ ನಂಬರ್‌ನಿಂದ ಬಂದಿದ್ದ ಹಿಂದಿನ ಬಿಲ್ ತಗೀಬೇಕು, ಅದ್ರಾಗೆ ಬ್ಲ್ಯಾಕ್ ಎರಡು ಥರ ಇದ್ರೆ ಯಾವುದು ಅಂತ ಕೇಳ್ಬೇಕು. "ದೀಡ್ ಡಜನ್" ಅಂದ್ರೆ 18 ಪೀಸ್. ಇದನ್ನ ಮಾಡೆಲ್ ಒಂದ್ಸಲ ಸರಿ ಹೇಳಿ ಇನ್ನೊಂದ್ಸಲ 12 ಅಂತ ತಗೊಂಡ್ರೂ ತಗೋಬೋದು, ಅದಕ್ಕೆ ದೀಡ್, ಅಡೀಚ್, ಸವ್ವಾ, ಒಂದೂವರೆ ಇವನ್ನೆಲ್ಲಾ ನಂಬರ್ ಸಮೇತ ನಿಮ್ಮ ಫೈಲ್‌ನಾಗೆ ಬರ್ದಿಡ್ರಿ, ಅಡೀಚ್ ಡಜನ್ ಅಂದ್ರೆ 30 ಅಂತ. ಆಮ್ಯಾಲೆ ಸೆಟ್‌ನಾಗೆ 28ರಿಂದ 36ರವರೆಗೆ ಇದ್ರೆ, 28 ಬ್ಯಾಡ ಅಂದ್ ಮ್ಯಾಲೆ ಉಳಿಯೋದು 30, 32, 34, 36, ನಾಲ್ಕು ಸೈಜ್. 18ನ್ನ ನಾಲ್ಕಕ್ಕೆ ಸಮ ಹಂಚಾಕೆ ಬರಲ್ಲ. ಇಲ್ಲಿ ಕೆಟ್ಟ ಬಾಟ್ ಏನ್ ಮಾಡ್ತೈತೆ ಅಂದ್ರೆ ಸುಮ್ನೆ ತನಗೆ ತಿಳಿದಂಗೆ ಹಂಚಿ "ಆರ್ಡರ್ ಕನ್ಫರ್ಮ್" ಅಂತ ಕಳಿಸಿಬಿಡ್ತೈತೆ. ಒಳ್ಳೇ ಬಾಟ್ ಹಿಂಗೆ ಕೇಳ್ಬೇಕು:

"ಬ್ಲ್ಯಾಕ್ ನಾನ್ ಸ್ಟ್ರೆಚ್, 18 ಪೀಸ್. 30 ಮತ್ತು 36 ನಾಲ್ಕು ನಾಲ್ಕು, 32 ಮತ್ತು 34 ಐದೈದು ಹಾಕ್ಲಾ? ನಾಳೆ ಟ್ರಾನ್ಸ್‌ಪೋರ್ಟ್‌ಗೆ ಕೊಡಾಕೆ ಆಗ್ತೈತಾ ಅಂತ ಗೋಡೌನ್‌ನೋರು ಹೇಳ್ತಾರೆ."

ಕೊನೇ ವಾಕ್ಯ ನೋಡಿದ್ರಾ. ನಾಳೆ ಗಾಡಿಗೆ ಹೋಗ್ತೈತೆ ಅಂತ ಬಾಟ್ ಮಾತು ಕೊಡಲಿಲ್ಲ, ಕೊಡೋ ಅಧಿಕಾರ ಅದಕ್ಕೆ ಇಲ್ಲ. ನಿಮ್ಮ ಫೈಲ್‌ನಾಗೆ "ಬಾಟ್ ಹೇಳಬಾರದ್ದು" ಅಂತ ಒಂದು ಭಾಗ ಇರ್ಲಿ. ಡೆಲಿವರಿ ತಾರೀಖು, ಡಿಸ್ಕೌಂಟು, ಉದ್ರಿ ಎಷ್ಟು ದಿನ, ಬ್ಯಾರೆ ಅಂಗಡಿಯೋರಿಗೆ ಯಾವ ರೇಟಿಗೆ ಕೊಟ್ವಿ. ಈ ನಾಲ್ಕರಾಗೆ ಯಾವುದು ಬಂದ್ರೂ ಮನುಷ್ಯನಿಗೆ ದಾಟಿಸ್ಬೇಕು, ದಾಟಿಸೋವಾಗ ಅಲ್ಲಿವರೆಗಿನ ಮಾತು ಎರಡು ಸಾಲಿನಾಗೆ ಬಿಲ್ಲಿಂಗ್ ಹುಡುಗನ ಫೋನ್‌ಗೆ ಹೋಗ್ಬೇಕು, ಗಿರಾಕಿ ಮತ್ತೆ ಮೊದಲಿಂದ ಹೇಳೋ ಹಂಗೆ ಆಗಬಾರ್ದು. ಹಂಗಾದ್ರೆ ಬೈತಾರೆ, ಬೈಬೇಕಾದ್ದೇ.

ಬರೇ "ಡಿಸ್ಕೌಂಟ್ ಕೊಡಬ್ಯಾಡ" ಅಂತ ಮಾಡೆಲ್‌ಗೆ ಬರ್ದು ಕೊಟ್ರೆ ಸಾಲಲ್ಲ ಅನ್ನೋದೂ ನೆನಪಿರ್ಲಿ. 2023 ಡಿಸೆಂಬರ್‌ನಾಗೆ ಅಮೆರಿಕದ ಒಂದು ಕಾರ್ ಡೀಲರ್ ವೆಬ್‌ಸೈಟಿನ ಚಾಟ್‌ಬಾಟ್‌ಗೆ ಒಬ್ಬ ಮಾತಿನಾಗೇ ಮಳ್ಳು ಮಾಡಿ ಒಂದು ಡಾಲರ್‌ಗೆ ಕಾರ್ ಕೊಡ್ತೀನಿ ಅನ್ನಿಸ್ದ. ಕಾರ್ ಏನೂ ಸಿಗಲಿಲ್ಲ, ಆದ್ರೆ ಮರ್ಯಾದೆ ಹೋಯ್ತು. ಕೆನಡಾದಾಗೆ ಇನ್ನೂ ಗಟ್ಟಿ ಪಾಠ ಆಯ್ತು. ಏರ್ ಕೆನಡಾ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ರಿಫಂಡ್ ಬಗ್ಗೆ ತಪ್ಪು ಹೇಳ್ತು, ಕಂಪನಿಯೋರು ಚಾಟ್‌ಬಾಟ್ ಮಾತಿಗೆ ನಾವು ಹೊಣೆ ಅಲ್ಲ ಅನ್ನೋ ಥರ ವಾದ ಮಾಡಿದ್ರು, 2024 ಫೆಬ್ರವರಿಯಾಗೆ ಬ್ರಿಟಿಷ್ ಕೊಲಂಬಿಯಾದ ಟ್ರಿಬ್ಯುನಲ್ ಒಪ್ಪದೇ ದುಡ್ಡು ಕಟ್ಟಿಸ್ತು. ಹಂಗಾಗಿ ರೇಟ್ ಕಡಿಮೆ ಮಾಡೋ ದಾರಿನೇ ಕೋಡ್‌ನಾಗೆ ಇರಬಾರ್ದು. ಮಾಡೆಲ್ ಬಾಯಿ ತಪ್ಪಿ ಏನಂದ್ರೂ ಬಿಲ್ ಶೀಟಿನ ರೇಟಿಗೇ ಆಗ್ಬೇಕು, ಮತ್ತೆ ಗಿರಾಕಿಗೆ ಹೋಗೋ ಉತ್ರದಾಗಿನ ನಂಬರು ಶೀಟಿನ ನಂಬರಿಗೆ ತಾಳೆ ಆಗ್ಲಿಲ್ಲ ಅಂದ್ರೆ ಆ ಮೆಸೇಜ್ ಹೋಗ್ಲೇಬಾರ್ದು.

ಬಟನ್ ಎಲ್ಲಾ ಕಿತ್ತು ಹಾಕಬ್ಯಾಡ್ರಿ

ಈಗ ಎಲ್ಲಾ ಕಡೆ ಒಂದು ಖಾಲಿ ಡಬ್ಬಿ ಇಟ್ಟು "ಏನ್ ಬೇಕಾದ್ರೂ ಕೇಳಿ" ಅನ್ನೋ ಫ್ಯಾಷನ್ ಬಂದೈತೆ. ಹೊಸಾ ಗಿರಾಕಿಗೆ ಏನು ಕೇಳ್ಬೇಕು ಅಂತನೇ ಗೊತ್ತಿರಲ್ಲ. ಹೊಸಬರಿಗೆ ಮೂರು ಬಟನ್ ತೋರ್ಸ್ರಿ, ಹೊಸ ಲಾಟ್ ನೋಡು, ಹಳೇ ಆರ್ಡರ್ ಮತ್ತೆ ಹಾಕು, ಮಾಲೀಕರ ಜೊತೆ ಮಾತಾಡು. ಸೈಜ್ ಆರಿಸೋದು ಬಟನ್‌ನಾಗೇ ಸಲೀಸು, ಅದಕ್ಕೆ ಎಐ ಬೇಕಾಗಿಲ್ಲ. ಟೈಪ್ ಮಾಡೋರು ಟೈಪ್ ಮಾಡ್ಲಿ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಫ್ರೀ, ಆದ್ರೆ ಇಂಥ ಬಾಟ್ ಕೂಡ್ಸಾಕೆ ಅದ್ರ ಎಪಿಐ ಬೇಕು. ಗಿರಾಕಿ ಮೆಸೇಜ್ ಹಾಕಿದ 24 ಗಂಟೆ ಒಳಗೆ ಆದ್ರೆ ನಿಮಗೆ ಬೇಕಾದಂಗೆ ಉತ್ರ ಕೊಡ್ಬೋದು, ಆಮ್ಯಾಲೆ ಕಳಿಸ್ಬೇಕು ಅಂದ್ರೆ ಮೊದ್ಲೇ ಒಪ್ಪಿಗೆ ತಗೊಂಡಿರೋ ಟೆಂಪ್ಲೇಟ್ ಬೇಕು. ಹಂಗಾಗಿ ಎಲ್‌ಆರ್ ಕಾಪಿ ಕಳಿಸೋದಕ್ಕೆ ಒಂದು ಟೆಂಪ್ಲೇಟ್ ಮೊದ್ಲೇ ಮಾಡಿಸಿಡ್ರಿ, ಲಾರಿ ಬುಕಿಂಗ್ ಆಗೋದು ಮಾರನೇ ದಿನನೇ ಅಲ್ವಾ.

ವಾಯ್ಸ್ ಮೆಸೇಜ್ ವಿಷ್ಯ. ನಮ್ಮ ಕಡೆ ಟೈಪ್‌ಗಿಂತ ವಾಯ್ಸೇ ಜಾಸ್ತಿ, ಅದೂ ಹಿಂದೆ ಮೆಷಿನ್ ಸದ್ದು, ಆಟೋ ಹಾರ್ನ್. ಮಾತನ್ನ ಅಕ್ಷರ ಮಾಡೋ ಮಾಡೆಲ್ ಹಲವು ಅವೆ, ಓಪನ್‌ಎಐ ವಿಸ್ಪರ್ ಐತೆ, ಐಐಟಿ ಮದ್ರಾಸ್‌ನ ಎಐ4ಭಾರತ್‌ನೋರದ್ದು ಐತೆ, ಕೇಂದ್ರ ಸರ್ಕಾರದ ಭಾಷಿಣಿ ಐತೆ. ಯಾವುದೇ ಹಾಕಿದ್ರೂ ಎಡವೋದು ನಂಬರ್‌ನಾಗೆ, "ಮೂವತ್ತಾರು" ಮತ್ತೆ "ಮೂವತ್ತಾರು ಪೀಸು" ಎರಡರಾಗೆ ಸೈಜ್ ಯಾವುದು ಎಣಿಕೆ ಯಾವುದು ಅಂತ ಮನುಷ್ಯರಿಗೇ ಗೊಂದ್ಲ. ಅದಕ್ಕೆ ವಾಯ್ಸ್‌ನಿಂದ ಬಂದ ಆರ್ಡರ್ ಯಾವಾಗ್ಲೂ ಅಂಕಿಯಾಗೆ ಬರ್ದು ತೋರ್ಸಿ "ಹೌದು" ಅನ್ನಿಸ್ಕೊಂಡ ಮ್ಯಾಲೇನೇ ಬಿಲ್.

ಟೆಸ್ಟು, ಖರ್ಚು

ಮೊದ್ಲು ಎತ್ತಿಟ್ಟಿದ್ರಲ್ಲ ಹಳೇ ಮೆಸೇಜು, ಅದ್ರಾಗೆ ಒಂದು ನೂರು ಆರಿಸಿ, ಪಕ್ಕಕ್ಕೆ ಸರಿ ಉತ್ರ ಬರ್ದು ಒಂದು ಶೀಟ್ ಮಾಡ್ರಿ. ಬಾಟ್‌ನಾಗೆ ಏನೇ ಬದಲಾಯಿಸಿದ್ರೂ ನೂರನ್ನೂ ಮತ್ತೆ ಓಡಿಸ್ರಿ. ಕಂಪನಿಯೋರು ಮಾಡೆಲ್ ಹೊಸ ವರ್ಷನ್ ತಂದಾಗ್ಲೂ ಓಡಿಸ್ರಿ, ಹೊಸದು ಇಂಗ್ಲಿಷ್‌ನಾಗೆ ಚುರುಕಾಗಿ ನಮ್ಮ ಕನ್ನಡದಾಗೆ ಎಡವೋದು ಅಪರೂಪ ಏನಲ್ಲ. ಯಾವ ಮಾಡೆಲ್ ಬೆಸ್ಟ್ ಅಂತ ಯೂಟ್ಯೂಬ್ ನೋಡೋಕಿಂತ ಈ ನೂರು ಸಾಲೇ ನಿಮಗೆ ಹೇಳ್ತೈತೆ.

ಖರ್ಚು ಟೋಕನ್ ಲೆಕ್ಕದಾಗೆ, ಟೋಕನ್ ಅಂದ್ರೆ ಮಾಡೆಲ್ ಓದೋ, ಬರಿಯೋ ಮಾತಿನ ಒಂದೊಂದು ತುಣುಕು. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಕಂಪ್ಯೂಟರ್‌ನಾಗೆ ಮೂರು ಬೈಟ್ ಹೋಗ್ತೈತೆ, ಇಂಗ್ಲಿಷ್‌ಗೆ ಒಂದು. ಹಳೇ ಮಾಡೆಲ್‌ಗಳು ಕನ್ನಡ ಪದನ ಚೂರುಚೂರು ಮಾಡ್ತಿದ್ವು, ಅದಕ್ಕೇ ಒಂದೇ ಮಾತಿಗೆ ಇಂಗ್ಲಿಷ್‌ಗಿಂತ ಕನ್ನಡದಾಗೆ ಬಿಲ್ ಎಷ್ಟೋ ಪಟ್ಟು. 2024 ಮೇದಾಗೆ ಬಂದ ಜಿಪಿಟಿ-4ಒದಿಂದ ಭಾರತದ ಭಾಷೆಗಳಿಗೆ ಇದು ಸಾಕಷ್ಟು ಇಳೀತು, ಆದ್ರೂ ಇಂಗ್ಲಿಷ್ ಇನ್ನೂ ಅಗ್ಗ. ಮಾಡೆಲ್‌ಗೆ ಕೊಡೋ ನಿಯಮಗಳನ್ನ ಇಂಗ್ಲಿಷ್‌ನಾಗೆ ಬರೀರಿ, ಗಿರಾಕಿ ಮಾತಿನ ಉದಾಹರಣೆ ಮಾತ್ರ ಇದ್ದಂಗೇ ಬಿಡ್ರಿ. ದಿನಕ್ಕೆ ಹತ್ತು ಆರ್ಡರ್ ಬರೋ ಅಂಗಡಿಗೆ ಇದ್ಯಾವುದೂ ಬ್ಯಾಡ, ವಾಟ್ಸಾಪ್ ಕ್ಯಾಟಲಾಗ್ ಸಾಕು.

ಇನ್ನು ಇಂಟರ್ನೆಟ್ ಕಡೆ

ಬಾಟ್ ನಿಮ್ಮದು ಮಾತ್ರ ಅಲ್ಲ, ಗಿರಾಕಿ ಹತ್ರಾನೂ ಈಗ ಒಂದು ಐತೆ. ಗೂಗಲ್ ಎಐ ಓವರ್‌ವ್ಯೂ 2024 ಆಗಸ್ಟ್‌ನಾಗೆ ಇಂಡಿಯಾಕ್ಕೆ ಬಂತು, ಹುಡುಕಿದ್ರೆ ಲಿಂಕಿಗಿಂತ ಮ್ಯಾಲೇನೇ ಉತ್ರ. ಹೊಸಾ ಅಂಗಡಿ ತೆಗೆಯೋ ಹುಡುಗ ಈಗ "ಬಳ್ಳಾರಿ ಜೀನ್ಸ್ ಹೋಲ್‌ಸೇಲ್ ಸೆಟ್ ಒಡ್ದು ಕೊಡೋರು ಯಾರು" ಅಂತ ಸೀದಾ ಕೇಳ್ತಾನೆ. ನಿಮ್ಮ ವಿವರ ಎಲ್ಲಾ ಫ್ಲೆಕ್ಸ್ ಡಿಸೈನ್ ಫೋಟೋದಾಗೇ ಇದ್ರೆ, ಓದಾಕೆ ಅಕ್ಷರ ಅಂತ ಸಿಗೋದು ಕಮ್ಮಿ.

ನಮ್ಮಲ್ಲಿ ಇನ್ನೊಂದು ತೊಂದ್ರೆ, ಡಿಟಿಪಿ ಅಂಗಡಿಯಾಗೆ ಹಳೇ ನುಡಿ ಫಾಂಟ್‌ನಾಗೆ ಮಾಡ್ಸಿರೋ ರೇಟ್ ಕಾರ್ಡ್. ಕಣ್ಣಿಗೆ ಕನ್ನಡ, ಕಾಪಿ ಮಾಡಿ ಬ್ಯಾರೆ ಕಡೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಕ್ಕೆ ಟೋಪಿ, ಬಾಲ ಹಚ್ಚಿದಂಗೆ ಬರ್ತೈತೆ. ಪಿಡಿಎಫ್ ಒಳಗೂ ಅದೇ ಇರ್ತೈತೆ, ಬಾಟ್ ಓದೋದೂ ಅದನ್ನೇ. ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್ ಫ್ರೀ ಸಿಗ್ತಾವೆ, ಬದಲಾಯಿಸಿದ್ ಮ್ಯಾಲೆ ಒತ್ತಕ್ಷರ, ಅರ್ಕಾವತ್ತು ಮತ್ತೆ ಅಂಕಿ ಒಂದ್ಸಲ ಕಣ್ಣಾಡಿಸ್ರಿ, ತಪ್ಪೋದು ಅಲ್ಲೇ.

ನಿಮ್ಮ ವೆಬ್ ಪೇಜ್‌ನಾಗೆ ಏನ್ ಬರೀಬೇಕು ಅಂದ್ರೆ, ಬ್ಯಾರೆ ಯಾರೂ ಬರೆಯಾಕೆ ಆಗದಿರೋದು. ಉದಾಹರಣೆಗೆ ಕೊಪ್ಪಳದ ಕಿನ್ನಾಳ ಗೊಂಬೆ ನೋಡ್ರಿ. ಜಿಐ ಟ್ಯಾಗ್ ಐತೆ, ವಿಜಯನಗರ ಕಾಲದ ಕಲೆ ಅಂತ ಎಲ್ಲಾ ಸೈಟೂ ಅದೇ ಐದು ಸಾಲು. ಅದ್ರ ಬದ್ಲು ಮಾಡೋರೇ ಕೂತು, ಹಗುರ ಮರ ಕೆತ್ತಿ, ಚಿಂದಿ ನೆನಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಹೆಂಗೆ ಮಾಡ್ತೀವಿ, ಒಂದು ಗೌರಿ ಗೊಂಬೆ ಬಣ್ಣ ಮುಗಿಯಾಕೆ ಎಷ್ಟು ದಿನ ಬೇಕು, ಒದ್ದೆ ಬಟ್ಟೆಯಾಗೆ ಒರೆಸ್ಬೋದಾ ಅಂತ ಬರ್ದ್ರೆ ಅದೇ ಬ್ಯಾರೆ. ಪಕ್ಕದ ಭಾನಾಪುರದಾಗೆ ಆಟಿಕೆ ಫ್ಯಾಕ್ಟ್ರಿಗಳ ದೊಡ್ಡ ಕ್ಲಸ್ಟರ್ ಐತೆ, ಎರಡನ್ನೂ ಕಲಸಿ "ಕೊಪ್ಪಳ ಗೊಂಬೆ" ಅಂತ ಬಾಟ್ ಹೇಳಬಾರ್ದು ಅಂದ್ರೆ ವ್ಯತ್ಯಾಸ ನೀವೇ ಬರ್ದಿರ್ಬೇಕು.

ಜನರಿಗೆ ಸಿಗ್ಬೇಕು, ಆದ್ರೆ ನಮ್ಮ ಡಿಸೈನ್ ಮಾಡೆಲ್ ಕಲಿಸಾಕೆ ಹೋಗಬಾರ್ದು ಅನ್ನೋರಿಗೆ ರೋಬಾಟ್ಸ್ ಫೈಲ್ (robots.txt) ಐತೆ, ಯಾವ ಬಾಟ್ ನಿಮ್ಮ ಸೈಟ್ ಓದ್ಬೋದು ಅಂತ ಹೇಳೋದು, 1994ರಿಂದ ಇರೋ ಹಳೇ ಪದ್ಧತಿ. ಅದ್ರಾಗೆ ಕಲಿಕೆಗೆ ಮಾಹಿತಿ ಕೂಡ್ಸೋ ಓಪನ್‌ಎಐನ ಜಿಪಿಟಿಬಾಟ್ ಬ್ಯಾಡ ಅಂತ ಬರ್ದು ಅವ್ರದ್ದೇ ಹುಡುಕೋ ಬಾಟ್‌ಗೆ ಮಾತ್ರ ಬಿಡ್ಬೋದು, ಎರಡಕ್ಕೂ ಬ್ಯಾರೆ ಬ್ಯಾರೆ ಹೆಸ್ರು ಐತೆ. ಗೂಗಲ್‌ನಾಗೆ ಗೂಗಲ್-ಎಕ್ಸ್‌ಟೆಂಡೆಡ್ ಅಂತ ಹಾಕಿದ್ರೆ ಅವ್ರ ಎಐ ಜೆಮಿನಿ ಕಲಿಕೆಗೆ ತಡೆ, ಸರ್ಚ್‌ನಾಗೆ ಬರೋದಕ್ಕೆ ಏನೂ ಆಗಲ್ಲ, ಹಂಗೇ ಎಐ ಓವರ್‌ವ್ಯೂಗೂ ಅದು ತಡೆ ಅಲ್ಲ. ಇದು ಬೀಗ ಅಲ್ಲ, ಬೋರ್ಡು. ಓದಿ ಪಾಲಿಸೋರು ಪಾಲಿಸ್ತಾರೆ, ಭಾರೀ ಬೆಲೆ ಡಿಸೈನ್ ಇದ್ರೆ ದೊಡ್ಡ ಫೋಟೋ ಹಾಕಲೇಬ್ಯಾಡ್ರಿ.

ಎಲ್ಲಾ ಹಾಕಿದ್ ಮ್ಯಾಲೆ ಎರಡ್ಮೂರು ಬ್ಯಾರೆ ಬ್ಯಾರೆ ಚಾಟ್‌ಬಾಟ್‌ನಾಗೆ, ನಿಮ್ಮ ಹೆಸ್ರು ಹೇಳದೇ, ಗಿರಾಕಿ ಕೇಳೋ ಥರ ಕೇಳಿ ನೋಡ್ರಿ, ಆಮ್ಯಾಲೆ ಹೆಸ್ರು ಹೇಳಿ ಕೇಳ್ರಿ. ಹಳೇ ಫೋನ್ ನಂಬರ್ ಹೇಳಿದ್ರೆ ಅದ್ರ ಜೊತೆ ಚಾಟ್‌ನಾಗೆ ಜಗಳ ಆಡಿ ಉಪ್ಯೋಗಿಲ್ಲ. ಆ ನಂಬರ್ ಗೂಗಲ್ ಮ್ಯಾಪ್‌ನಾಗೆ, ಹಳೇ ಡೈರೆಕ್ಟರಿ ಸೈಟ್‌ನಾಗೆ, ಅಣ್ಣನ ಮಗ ಯಾವಾಗೋ ಮಾಡಿ ಪಾಸ್‌ವರ್ಡ್ ಮರ್ತಿರೋ ಫೇಸ್‌ಬುಕ್ ಪೇಜ್‌ನಾಗೆ ಎಲ್ಲೋ ಇರ್ತೈತೆ, ಅಲ್ಲಿ ಹೋಗಿ ತಿದ್ದಿಸ್ರಿ, ಒಂದೆರಡು ತಿಂಗಳು ಬಿಟ್ಟು ಮತ್ತೆ ಕೇಳ್ರಿ.